ಆಮೆ ಉಳಿಸೋರ ವರದಿ

ರಾಯದುರ್ಗದಲ್ಲಿ ಕಣೇಕಲ್ಲು ಬಸ್ಸು ಹತ್ತಿದಾಗ ನನ್ನ ಮುಂದಿನ ಸೀಟಿನಲ್ಲಿ ಬಟ್ಟೆ ವರ್ತಕರ ಸಂಘದ ಇಬ್ಬರು ಹಿರಿಯರು, ಸರ್ವಮಂಗಳಮ್ಮನವರು ಮತ್ತು ತಿಪ್ಪೇರುದ್ರಪ್ಪ, ಕೂತಿದ್ದರು. ಸಂಘದ ಧರ್ಮದ ದುಡ್ಡನ್ನು ಕಡಲಾಮೆ ಉಳಿಸುವ ಸಂಸ್ಥೆಯೊಂದಕ್ಕೆ ಕೊಡಬೇಕೋ ಬೇಡವೋ ಅಂತ ಅವರು ಆ ಮಧ್ಯಾಹ್ನ ಸಭೆಗೆ ಹೇಳಬೇಕಿತ್ತು. ಸಂಸ್ಥೆಯ ವರದಿ ಸರ್ವಮಂಗಳಮ್ಮನವರ ತೊಡೆಯ ಮೇಲಿತ್ತು.

“ಎಷ್ಟು ಆಮಿ ಉಳಿಸ್ಯಾರಂತ ಎಲ್ಲಿ ಬರದಾರ, ತಿಪ್ಪೇರುದ್ರಪ್ಪಾರ?”

“ನಲವತ್ತು ಸಾವಿರ ಮಂದಿಗೆ ಜಾಗೃತಿ ಮೂಡಿಸ್ಯಾರಲ್ರಿ.”

“ದಾಸೋಹದಾಗ ಎಷ್ಟು ಮಂದಿ ಉಂಡ್ರು ಅಂತ ಕೇಳಿದ್ರ, ಎಷ್ಟು ಮಂದಿಗೆ ಸಾರಿನ ವಾಸನಿ ಹೋತು ಅಂತ ಹೇಳಿದಂಗಾತು.”

“ಲೆಕ್ಕ ಆಡಿಟ್ ಆಗೈತ್ರಿ.”

“ಆಗೈತಿ. ಆಮಿಗೆ ಹೋಗಿದ್ದಕ್ಕಿಂತ ಹೋಟೆಲ್ ಬಿಲ್ಲಿಗೆ ಮೂರು ಪಟ್ಟು ಹೋಗೈತಿ. ಅದನ್ನ ಆಡಿಟರೇ ಬರದಾನ.”

“ಈ ಫೋಟೊನಾರ ನೋಡ್ರಿ. ಸಮುದ್ರದ ದಂಡ್ಯಾಗ ಹುಡುಗ್ರು ಕಸ ಆರಿಸಾಕತ್ಯಾರ.”

ಸರ್ವಮಂಗಳಮ್ಮನವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಸಮುದ್ರಕ್ಕ ತೂಬು ಇರ್ತೈತೇನ್ರಿ?”

“ಎಲ್ಲೈತ್ರಿ ತೂಬು?”

“ಹುಡುಗ್ರ ಹಿಂದ. ಇದು ನಮ್ಮ ಕಣೇಕಲ್ಲು ಕೆರಿ. ನನ್ನ ತವರುಮನಿ ಬಾಗಿಲಿಗೆ ನಿಂತ್ರ ಕಾಣತೈತಿ.”

ತಿಪ್ಪೇರುದ್ರಪ್ಪ ವರದಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಕಿಟಕಿಯಲ್ಲಿ ಕೆರೆಯ ನೀರು ಕಾಣಿಸಿತು, ಬಸ್ಸು ನಿಂತಿತು. ಸರ್ವಮಂಗಳಮ್ಮನವರು ಚೀಲ ಎತ್ತಿಕೊಂಡರು.

“ಏಳ್ರಿ, ನಿಮ್ಮ ಸಮುದ್ರ ಬಂತು.”