ಊರಲ್ಲಿ ಉಳಿದ ಓಟು

ಮತದಾರರ ಪಟ್ಟಿ ತಿದ್ದುವ ಕಚೇರಿಯ ಸಾಲಿನಲ್ಲಿ ಒಬ್ಬ ಬಸ್ ಕಂಡಕ್ಟರ್ ನಿಂತು ಮುಂದಿನವರ ಮಾತು ಕೇಳಿಸಿಕೊಳ್ಳುತ್ತಿದ್ದ. ಅವನ ಮುಂದೆ, ಊರಿನ ಪಟ್ಟಿಯಲ್ಲಿದ್ದ ಹೆಸರನ್ನು ನಗರಕ್ಕೆ ಬದಲಿಸಿಕೊಳ್ಳಲು ಬಂದ ಹೊಲಿಗೆ ಕಾರ್ಖಾನೆಯ ಹೆಂಗಸು. ಅವಳ ಸೋದರಮಾವ ಊರಿಂದ ಧಾವಿಸಿ ಬಂದು ಏದುಸಿರು ಬಿಡುತ್ತಿದ್ದ.

"ಹೆಸರು ಊರಲ್ಲೇ ಇರ್ಲಿ ಕಣೇ. ಎಲೆಕ್ಷನ್ನಿಗೆ ವ್ಯಾನ್ ಕಳಿಸ್ತೀನಲ್ಲ, ಒಂದ್ಸಲ ಆದ್ರೂ ತಪ್ಪಿಸಿದ್ದೀನಾ?"

"ನಿಮ್ಮ ವ್ಯಾನ್ ಐದು ವರ್ಷಕ್ಕೊಂದ್ಸಲ ಬರುತ್ತೆ ಮಾವ. ನಮ್ಮ ಬೀದೀಲಿ ಚರಂಡಿ ದಿನಾ ಉಕ್ಕುತ್ತೆ."

"ಉಂಡ ಮನೆಗೆ ಎರಡು ಬಗೀತೀಯಾ? ತಾತನ ಕಾಲದಿಂದ ನಮ್ದು ಒಂದೇ ಪಕ್ಷ."

"ತಾತಂಗೆ ಕಾಲುವೆ ಬೇಕಿತ್ತು, ಕೊಟ್ಟೋರಿಗೆ ಓಟು ಹಾಕ್ದ. ನಂಗೆ ಚರಂಡಿ ಬೇಕು. ನಾನೂ ತಾತನ ಹಾಗೇ ಮಾಡ್ತಿದ್ದೀನಿ."

"ಹೋದ್ಸಲ ಗೆದ್ದಿದ್ದೇ ಮೂವತ್ತು ಓಟಲ್ಲಿ! ಹುಡುಗೀರೆಲ್ಲ ಕಾರ್ಖಾನೆಗೆ ಬಂದ್ಬಿಟ್ರೆ ಊರಲ್ಲಿ ಉಳಿಯೋರ್ಯಾರು?"

"ನೀವಿದ್ದೀರಲ್ಲ."

"ನಾನು, ನಿಮ್ಮತ್ತೆ. ಮನೇಲಿ ಎರಡೇ ಓಟು."

"ಅತ್ತೆ ಕಾರ್ಖಾನೆ ಬಾಗಿಲಲ್ಲಿ ಟೀ ಅಂಗಡಿ ಇಟ್ಟು ಮೂರು ವರ್ಷ ಆಯ್ತು, ಮಾವ."

"ಅಂಗಡಿ ಇಲ್ಲಿದ್ರೇನು? ಓಟು ಊರಲ್ಲೇ ಇದೆ."

"ಕಿಟಕಿ ಹತ್ರ ನೋಡಿ."

ಅರ್ಜಿ ಕೊಟ್ಟು, ರಸೀದಿ ಮಡಚಿಕೊಳ್ಳುತ್ತ ಅತ್ತೆ ಈ ಕಡೆಗೇ ಬರುತ್ತಿದ್ದಳು. ಗಂಡನನ್ನು ಕಂಡು ಒಂದಿಷ್ಟೂ ಅಳುಕಲಿಲ್ಲ.

"ಬನ್ರೀ, ಅಂಗಡಿ ತೆರೀಬೇಕು. ನಿಮ್ಗೂ ಒಂದು ಫಾರಂ ಇಸ್ಕೊಂಡಿದ್ದೀನಿ, ದಾರೀಲಿ ಓದ್ಕೊಳ್ಳಿ."

ಅವಳು ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ಮಾವ ಕೈಗೆ ಬಂದ ಫಾರಮನ್ನು ಹರಿಯಲೂ ಇಲ್ಲ, ಬಿಸಾಡಲೂ ಇಲ್ಲ. ಅವಳ ಹಿಂದೆಯೇ ಹೋದ.