ಹರ್ನಿಯಾ ಅಂತ ಹೇಳಿದ್ದೆ

ಬೇಡ, ಬೇಡ, ಹಾಗೆ ನೇರವಾಗಿ ಏಳೋಕೆ ಹೋಗ್ಬೇಡ. ಮೊದಲು ಮಗ್ಗುಲಿಗೆ ಹೊರಳು, ಆಮೇಲೆ ಕೈ ಊರು... ಹೂಂ, ಹಾಗೆ. ಕೆಮ್ಮು ಬಂದ್ರೆ ಈ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೋ. ಮಾತಾಡ್ಬೇಡ, ಮೂಗಲ್ಲಿ ಪೈಪ್ ಇದೆ, ಗಂಟಲು ಕೆರೆಯುತ್ತೆ. ಮಾತಾಡೋಕೆ ಅಣ್ಣ ನಾನಿದೀನಲ್ಲ. ಅಂಗಡೀಲಿ ಇಪ್ಪತ್ತೆರಡು ವರ್ಷದಿಂದ ನಾನು ಮಾತಾಡ್ತೀನಿ, ನೀನು ಸೋಫಾ ಹೊಲೀತೀಯ. ಇಲ್ಲೂ ಹಾಗೇ ನಡೀಲಿ.

ಸಿಸ್ಟರ್ ಡ್ರೆಸಿಂಗ್ ಬದಲಾಯಿಸುವಾಗ ನೋಡಿದೆ. ಎದೆಗೂಡಿನ ಕೆಳಗಿಂದ ಹೊಕ್ಕಳು ದಾಟಿ ಕೆಳಗಿನವರೆಗೂ ಪಿನ್ನು. ನಾವು ರೆಕ್ಸಿನ್‌ಗೆ ಹೊಡೀತೀವಲ್ಲ, ಅದೇ ಥರ. ಎಣಿಸಿದೆ, ಮೂವತ್ತೊಂದು. ಎರಡು ಕಡೆ ಸೊಟ್ಟ. ನೀನಾಗಿದ್ರೆ ಕಿತ್ತು ಮತ್ತೆ ಹೊಡೀತಿದ್ದೆ... ಯಾಕೋ ನಗ್ತೀಯ, ನೋಯುತ್ತೆ, ಸುಮ್ನಿರು.

ಗಾಳಿ ಹೋಯ್ತಾ? ಇನ್ನೂ ಇಲ್ವಾ? ಆಪರೇಷನ್ ಆಗಿ ಆರು ದಿನ ಆಯ್ತಲ್ಲ... ಹೋಗುತ್ತೆ ಬಿಡು. ಹೊಟ್ಟೆ ಪೂರ್ತಿ ತೆರೆದು ಕರುಳನ್ನ ಕೈಯಲ್ಲಿ ಹಿಡಿದಿದ್ದಾರೆ, ಅದು ಮುನಿಸ್ಕೊಂಡಿದೆ. ಸಣ್ಣ ತೂತು ಹಾಕಿ ಮಾಡಿದ್ರೆ ಬೇಗ. ನನಗೆ ಎರಡನೇ ದಿನಕ್ಕೇ ಹೋಗಿತ್ತು. ಮೂರನೇ ದಿನ ಸೂಪು, ಐದನೇ ದಿನ ಮನೆ. ಕತ್ತರಿಸಿ ಜೋಡಿಸಿದ ಕಡೆ ಸೋರದೆ ಇದ್ರೆ ಆಯ್ತು ಅಂತ ಡಾಕ್ಟರು...

ಯಾಕೆ ಹಾಗೆ ನೋಡ್ತಿದೀಯ?

ಹರ್ನಿಯಾ ಕಣೋ. ಹೋದ ವರ್ಷ. ನೀನೇ ಮನೆಗೆ ನೋಡೋಕೆ ಬಂದಿದ್ಯಲ್ಲ...

ಹೂಂ. ಹರ್ನಿಯಾಗೆ ಯಾರು ಕರುಳು ಕತ್ತರಿಸಿ ಜೋಡಿಸ್ತಾರೆ, ಅಲ್ವಾ.

ಕಣ್ಣು ಮುಚ್ಕೋಬೇಡ. ಹೇಳ್ತೀನಿ.

ನನಗೂ ಇದೇ ಇತ್ತು. ಇದೇ ಕ್ಯಾನ್ಸರ್, ದೊಡ್ಡ ಕರುಳಿನದು. ಬೇಗ ಸಿಕ್ತು, ಅದಕ್ಕೇ ತೂತಿನಲ್ಲೇ ಮುಗೀತು. ಹೊಟ್ಟೆ ಮೇಲೆ ನಾಲ್ಕು ಚುಕ್ಕೆ, ಹೊಕ್ಕಳ ಹತ್ರ ಎರಡಿಂಚಿನ ಒಂದು ಗಾಯ. ಅಷ್ಟು ಸಲೀಸಾಗಿ ಆಗಿದ್ದೇ ತಪ್ಪಾಯ್ತು ನೋಡು. ನಿನ್ನ ಹಾಗೆ ಮಲಗಿದ್ರೆ ಮುಚ್ಚಿಡೋಕೆ ಆಗ್ತಿತ್ತಾ? ಮೂರನೇ ವಾರಕ್ಕೆ ಅಂಗಡೀಲಿ ಕೂತಿದ್ದೆ. ಭಾರ ಎತ್ತಬಾರದು ಅಂದಿದ್ರು. ನೀನೇ ಎಲ್ಲ ಎತ್ತಿದೆ, ಹರ್ನಿಯಾ ಅಂತ ನಂಬ್ಕೊಂಡು. ಕ್ಯಾನ್ಸರ್ ಅಂತ ಬಾಯಿಬಿಟ್ರೆ ಎಲ್ಲರೂ ನನ್ನನ್ನ ಆಗಲೇ ಹೋದವನ ಥರ ನೋಡ್ತಾರೆ ಅನ್ನೋ ಭಯ. ನಿನ್ನ ಅತ್ತಿಗೆ ಒಬ್ಬಳಿಗೇ ಗೊತ್ತು. ಅವಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ.

ಅಷ್ಟೇ ಆಗಿದ್ರೆ...

ಡಿಸ್ಚಾರ್ಜ್ ದಿನ ಡಾಕ್ಟರು ಹೇಳಿದ್ರು, ಇದು ಒಡಹುಟ್ಟಿದವರಿಗೂ ಬರಬಹುದು, ಅವರಿಗೆಲ್ಲ ಕ್ಯಾಮೆರಾ ಹಾಕಿ ಪರೀಕ್ಷೆ ಮಾಡಿಸಿ ಅಂತ. ಚೀಟೀಲಿ ಬರೆದು ಕೆಳಗೆ ಗೆರೆ ಬೇರೆ ಎಳೆದುಕೊಟ್ರು. ಮುಂದಿನ ತಿಂಗಳು ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಆ ಹೋಟೆಲಿನ ನಲವತ್ತು ಕುರ್ಚಿಗಳ ಕೆಲಸ ಬಂತು. ಆಮೇಲೆ ನೀನೇ ಬಂದೆ. ಕತ್ತರಿ ಕೆಳಗಿಟ್ಟು, "ಅಣ್ಣಾ, ರಕ್ತ ಹೋಗ್ತಿದೆ" ಅಂದೆ. ನಾನೇನಂದೆ? ಮೂಲವ್ಯಾಧಿ ಇರ್ಬೇಕು, ಕೂತು ಕೆಲಸ ಮಾಡೋರಿಗೆ ಇದ್ದದ್ದೇ, ನೀರು ಜಾಸ್ತಿ ಕುಡಿ ಅಂದೆ. ನೀನು ಹೂಂ ಅಂದೆ. ನಾನು ಹೇಳಿದ್ದಕ್ಕೆಲ್ಲ ಹೂಂ ಅಂತೀಯ ನೀನು.

ಅವತ್ತೇ ಹೇಳಿದ್ರೆ ನಿನಗೂ ನಾಲ್ಕು ಚುಕ್ಕೇಲಿ ಮುಗೀತಿತ್ತೇನೋ. ಏಳು ತಿಂಗಳು ಕಣೋ. ಕರುಳು ಕಟ್ಟಿ, ಹೊಟ್ಟೆ ಊದಿ, ಅಂಗಡಿ ನೆಲದ ಮೇಲೆ ಫೋಮ್ ಚೂರುಗಳ ಮಧ್ಯೆ ನೀನು ಬಿದ್ದುಕೊಂಡಿದ್ದಾಗ ನನಗೆ ಗೊತ್ತಿತ್ತು. ನೋಡಿದ ತಕ್ಷಣ ಗೊತ್ತಾಯ್ತು.

ಬೈಯೋ. ಆ ಕಡೆ ತಿರುಗ್ಬೇಡ, ಬೈದುಬಿಡು.

ಇಲ್ಲ, ನೀನು ಬೈಯೋನಲ್ಲ...

ಏನು? ನೀರಾ? ಸಿಸ್ಟರನ್ನ ಕರೀಲಾ? ಫೋನಾ? ಫೋನನ್ನ ಯಾಕೆ ನನ್ನ ಕಡೆ ತಳ್ತೀಯ? ಯಾರಿಗೆ ಮಾಡ್ಲಿ? ಮಾತಾಡ್ಬೇಡ, ತುಟಿ ಆಡಿಸು ಸಾಕು.

ಅಕ್ಕನಿಗಾ.

ಅವಳಿಗೆ ನಿನ್ನದು ಗೊತ್ತು. ನನ್ನದು ಗೊತ್ತಿಲ್ಲ. ಅವಳೂ ಪರೀಕ್ಷೆ ಮಾಡಿಸ್ಕೋಬೇಕು ಅನ್ನೋದು... ಅದೂ ಗೊತ್ತಿಲ್ಲ. ನೀನು ಬಿದ್ದ ಮೇಲೂ ಹೇಳಿಲ್ಲ ಕಣೋ. ನಾಳೆ ಅವಳ ಮನೆಗೇ ಹೋಗಿ, ಎದುರು ಕೂತು ನಿಧಾನಕ್ಕೆ...

ಸರಿ. ಹಾಗೆ ನೋಡ್ಬೇಡ. ಮಾಡ್ತಿದೀನಿ.

ರಿಂಗ್ ಆಗ್ತಿದೆ.

ಅಕ್ಕಾ... ನಾನು. ಇಲ್ಲ, ಅವನಿಗೇನೂ ಆಗಿಲ್ಲ, ಇಲ್ಲೇ ಪಕ್ಕದಲ್ಲಿದಾನೆ. ಅಕ್ಕಾ, ನೀನು ಸ್ವಲ್ಪ ಕೂತ್ಕೋ.