ಕಾಲ್ಗುಣದ ಭೂಗೋಳ

೧೯೪೩ರ ಶ್ರಾವಣ, ಪೆಟ್ರೋಲು ಸಿಗದ ಕಾಲ. ಜಗಳೂರಿನಲ್ಲಿ ಇದ್ದಿಲು ಉರಿಸಿ ಓಡುವ ಬಸ್ಸಿನ ಒಲೆ ಇನ್ನೂ ಹೊತ್ತಿಕೊಂಡಿರಲಿಲ್ಲ. ಹೊರಡುತ್ತದೆಂಬ ನಂಬಿಕೆಯೂ ನನಗಿರಲಿಲ್ಲ. ಸಂತೆ ಮುಗಿಸಿ ಸೊಕ್ಕೆಗೆ ಹೊರಟ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಗಾದ್ರಿ ಬಸ್ಸಿನ ಹೊರಗೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಿದ್ದರು.

“ಇಸ್ಕೂಲಾಗೆ ಈಗ ಏನು ಹೇಳಿಕೊಡ್ತಾರೆ, ಗಾದ್ರಿ?”

“ಭೂಗೋಳ, ಅಜ್ಜಿ. ಮಳೆ ಹೆಂಗೆ ಬರ್ತೈತೆ ಅಂತ.”

“ಹೆಂಗೆ ಬರ್ತೈತೆ?”

“ಮೋಡ ಸಮುದ್ರದ ಕಡೆಯಿಂದ ಬರ್ತಾವೆ. ನಡುವೆ ದೊಡ್ಡ ಬೆಟ್ಟಸಾಲು ಐತೆ. ಅದಕ್ಕೆ ತಾಗಿ ಆ ಕಡೆಗೇ ಸುರಿದುಬಿಡ್ತಾವೆ. ನಮಗೆ ಬರೋದು ಉಳಿದಿದ್ದಷ್ಟೇ.”

“ಆ ಬೆಟ್ಟ ಯಾವಾಗಿಂದ ಐತೆ?”

“ಮನುಷ್ಯರು ಹುಟ್ಟಾಕೆ ಮುಂಚಿಂದ.”

ಅಜ್ಜಿ ತನ್ನ ಕಾಲು ನೋಡಿಕೊಂಡಳು.

“ಮದುವೆಯಾಗಿ ಬಂದಾಗ ಬಲಗಾಲಿಟ್ಟೇ ಒಳಗೆ ಬಂದಿದ್ದೆ ಕಣೇ. ಆ ವರ್ಷ ಮಳೆ ಬರಲಿಲ್ಲ. ನನ್ನ ಕಾಲ್ಗುಣ ಅಂತ ನಮ್ಮತ್ತೆ ಸಾಯೋ ತನಕ ಅಂದ್ಲು.”

“ಈ ವರ್ಷನೂ ಮಳೆ ಇಲ್ಲ ಅಂತ ಅವ್ವನೂ ನಿನ್ನೆ ಹೊಸ ಅತ್ತಿಗೆಗೆ ಅದನ್ನೇ ಅಂದ್ಲು. ಅತ್ತಿಗೆ ಉಣ್ಣಲೇ ಇಲ್ಲ.”

“ಮನೆಗೆ ಹೋದ ಕೂಡ್ಲೆ ಆ ಬೆಟ್ಟದ ಮಾತು ನಿಮ್ಮವ್ವಗೆ ಹೇಳು.”

“ಬೈತಾಳೆ.”

“ಬೈಲಿ. ನಾನು ನಿನ್ನ ಪಕ್ಕದಾಗೇ ಕುಂತಿರ್ತೀನಿ.”

ಅಂತೂ ಬಸ್ಸು ಗುಡುಗಿತು. ಮೆಟ್ಟಿಲ ಮುಂದೆ ಅಜ್ಜಿ ಒಂದು ಗಳಿಗೆ ನಿಂತಳು. ಮುಂದಿಟ್ಟಿದ್ದ ಬಲಗಾಲನ್ನು ಹಿಂದಕ್ಕೆ ತಗೊಂಡು, ಎಡಗಾಲಿಟ್ಟು ಹತ್ತಿದಳು.